ಹಿಂದೆ ಬಿದ್ದ ಹುಳು

ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದಕ್ಕೂ ಮುಹೂರ್ತ ಬೇಕಿತ್ತು. ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ದಿನವೇ ಆ ಮುಹೂರ್ತ. ತಿಂಗಳಿಗೊಂದು ಸಲ ಬಂದರೆ ಹೆಚ್ಚು. ಉಳಿದ ದಿನವೆಲ್ಲ ಮನೆಯಲ್ಲಿ ಹುಳು. ಹುಳುವಿಗೆ ಘಾಟು ಆಗದು, ಹೊಗೆ ಆಗದು, ಊದುಬತ್ತಿ ಆಗದು, ಮುಖಕ್ಕೆ ಹಚ್ಚುವ ಪೌಡರು ಆಗದು, ಹೊರಗಿನವರ ಕಾಲ್ಧೂಳು ಆಗದು. ಮನೆ ಅಂದರೆ ಒಂದೇ ಉದ್ದನೆಯ ಪಡಸಾಲೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ದೇವರ ಪಟ, ಮಿಕ್ಕಿದ್ದೆಲ್ಲ ಹುಳುವಿನ ಜಾಗ. ಬಿದಿರಿನ ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡುಗಳು ಸೂರಿನ ತನಕ ಇದ್ದವು, ಇರುವೆ ಹತ್ತದಿರಲಿ ಎಂದು ಅವುಗಳ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದರು. ನಾವು ಮೂವರು, ಅಪ್ಪ, ಅಮ್ಮ, ನಾನು, ಆ ಸ್ಟ್ಯಾಂಡುಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಈಗಿನ ಮಕ್ಕಳು ರೇಷ್ಮೆ ಅಂದರೆ ಸೀರೆ ಅಂದುಕೊಂಡಿದ್ದಾರೆ. ನನಗೆ ರೇಷ್ಮೆ ಅಂದರೆ ಸಪ್ಪೆ ಊಟ. ಮುದ್ದೆ, ಉಪ್ಸಾರು, ಮತ್ತೆ ಮುದ್ದೆ, ಮತ್ತೆ ಉಪ್ಸಾರು.

ಗೂಡು ಹೋದ ದಿನ ಮಾತ್ರ ಅಮ್ಮ ಬೇರೆಯೇ ಹೆಂಗಸಾಗುತ್ತಿದ್ದಳು. ಬೆಳಗ್ಗೆಯೇ ಕಾಳು ಬೇಯಿಸಿ, ಸೊಪ್ಪು ಬಸಿದು, ಬಸ್ಸಾರಿಗೆ ಮಸಾಲೆ ರುಬ್ಬಿಟ್ಟು, ಅಪ್ಪನ ಬಸ್ಸು ಬರುವುದನ್ನೇ ಕಾಯುತ್ತಿದ್ದಳು. ಅವನು ಹೊಸಿಲು ದಾಟಿದ ಮೇಲೆ ಬಾಣಲೆ ಒಲೆಗೇರುತ್ತಿತ್ತು. ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ, ಕರಿಬೇವು. ಚೊಂಯ್ ಅನ್ನುತ್ತಿದ್ದ ಹಾಗೆ ಮನೆಯೆಲ್ಲ ಘಾಟು ತುಂಬಿ ಮೂವರೂ ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ, ನಗುತ್ತಿದ್ದೆವು.

"ಇವತ್ತು ಮನುಷ್ಯರ ಮನೆ ಆಯ್ತು ನೋಡು," ಅನ್ನುತ್ತಿದ್ದ ಅಪ್ಪ.

ಅಪ್ಪನ ಕೈ ಸುತ್ತ ಹತ್ತೂರಿಗೆ ಗೊತ್ತಿತ್ತು. ಅಂಬಾಜಿದುರ್ಗದ ಕಡೆಯಿಂದಲೂ ಜನ ಬಂದು ತಮ್ಮ ಹುಳು ನೋಡಲು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ನಿಜವಾದ ಜ್ವರವಲ್ಲ, ಹಳೆಯ ಚರ್ಮ ಕಳಚುವ ಹೊತ್ತು. ಮೇವು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನಕ್ಕೂ ಮೇಲೆ ಅಲ್ಲಾಡದೆ ಕೂತಿರುತ್ತದೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು. ಎದ್ದ ಮೇಲೆ ಎಲ್ಲವೂ ಒಟ್ಟಿಗೆ ಮೇಯಬೇಕು. ಆದರೆ ಪ್ರತಿ ತಟ್ಟೆಯಲ್ಲೂ ಕೆಲವು ಹಿಂದೆ ಬೀಳುತ್ತವೆ, ಸಣಕಲಾಗಿ ಸೊಪ್ಪಿನ ಅಡಿಯಲ್ಲೇ ಉಳಿದುಬಿಡುತ್ತವೆ. ರೋಗ ಬಂದರೆ ಮೊದಲು ಅವಕ್ಕೇ ಬರುವುದು, ಅವುಗಳಿಂದ ಇಡೀ ತಟ್ಟೆಗೆ. ಅಪ್ಪ ಅವನ್ನು ಆರಿಸಿ ತೆಗೆದು ಸುಣ್ಣದ ಗುಂಡಿಗೆ ಹಾಕುತ್ತಿದ್ದ. ನಾನೊಮ್ಮೆ ಅಂಥದ್ದೊಂದನ್ನು ಬೆಂಕಿಪೊಟ್ಟಣದಲ್ಲಿ ಬಚ್ಚಿಟ್ಟು ಚಿಗುರು ಹಾಕಿ ಸಾಕಿದೆ. ತಡವಾಗಿಯಾದರೂ ಒಂದು ಪುಟ್ಟ ಗೂಡು ಕಟ್ಟಿತು. ಹೆಮ್ಮೆಯಿಂದ ತೋರಿಸಿದರೆ ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ.

"ಒಂದು ಕಟ್ಟುತ್ತೆ ಕಣಮ್ಮ, ನೂರು ಸಾಯಿಸುತ್ತೆ," ಅಂದು ಪೊಟ್ಟಣದ ಸಮೇತ ಗುಂಡಿಗೆ ಹಾಕಿದ.

ನಾನು ಜೋರಾಗಿ ಅತ್ತೆ. ಆದರೆ ಆ ಸಲ ನಮ್ಮ ಊರಿನಲ್ಲಿ ಅರ್ಧ ಮನೆಗಳ ಹುಳು ರೋಗಕ್ಕೆ ಹೋದವು, ನಮ್ಮವು ಉಳಿದವು. ಅಪ್ಪನ ಮಾತಿಗೆ ಎದುರು ಮಾತಿಲ್ಲ ಎಂದು ನಾನು ಕಲಿತದ್ದು ಬೆದರಿಕೆಯಿಂದಲ್ಲ, ಹೀಗೆ.

ಅಮ್ಮನ ಉಸಿರಿನ ಕಾಯಿಲೆ ಯಾವಾಗ ಶುರುವಾಯಿತೋ ಗೊತ್ತಿಲ್ಲ. ಹುಳು ಮೇಯುವಾಗ ಮನೆಯಲ್ಲಿ ಹಗಲಿಡೀ ಒಂದು ಸೊರಸೊರ ಸದ್ದು ಇರುತ್ತಿತ್ತು. ಅವು ಜ್ವರಕ್ಕೆ ಕೂತರೆ ಆ ಸದ್ದು ನಿಂತುಹೋಗುತ್ತಿತ್ತು. ಹಾಗೆ ನಿಂತ ಒಂದು ಮಧ್ಯಾಹ್ನ ನಾನು ಲೆಕ್ಕ ಬಿಡಿಸುತ್ತ ಕೂತಿದ್ದಾಗ ಇನ್ನೊಂದು ಸದ್ದು ಕೇಳಿಸಿತು, ಸಣ್ಣ ಶಿಳ್ಳೆಯ ಹಾಗೆ. ಬೆಕ್ಕಿನ ಮರಿ ಎಲ್ಲೋ ಸಿಕ್ಕಿಕೊಂಡಿದೆ ಎಂದು ಸ್ಟ್ಯಾಂಡುಗಳ ಕೆಳಗೆಲ್ಲ ಹುಡುಕಿದೆ. ಅದು ಅಮ್ಮನ ಎದೆಯಿಂದ ಬರುತ್ತಿತ್ತು. ಅವಳು ಗೋಡೆಗೆ ಒರಗಿಕೊಂಡು, ಬಾಯಿ ತೆರೆದು, ಖಾಲಿ ತಟ್ಟೆ ಒರೆಸುತ್ತಿದ್ದಳು. ಅವತ್ತಿನಿಂದ ನನಗೆ ಹುಳು ಮೇಯುವ ಸದ್ದೇ ಹಿತವಾಯಿತು. ಅದಿದ್ದರೆ ಇದು ಕೇಳಿಸುವುದಿಲ್ಲವಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರು ಸುತ್ತಿಬಳಸಿ ಮಾತಾಡಲಿಲ್ಲ.

"ಹುಳದ ಧೂಳು ಇವರಿಗೆ ಆಗ್ತಿಲ್ಲ. ಹುಳ ಇರೋ ಕಡೆ ಇವರು ಮಲಗಬಾರ್ದು. ಇಬ್ಬರಲ್ಲಿ ಒಬ್ಬರು ಮನೆ ಬಿಡ್ಬೇಕು, ಇವರೋ, ಹುಳಾನೋ."

ಹುಳು ಮನೆ ಬಿಡಬೇಕಾದರೆ ಹೊಲದ ಅಂಚಿನಲ್ಲಿ ಅದಕ್ಕೊಂದು ಬೇರೆ ಹುಳುಮನೆ ಕಟ್ಟಬೇಕು. ಅದಕ್ಕೆ ದುಡ್ಡು ಇತ್ತು. ಆ ದುಡ್ಡು ಅಮ್ಮನದೇ. ಅವಳ ಅಪ್ಪ, ನನ್ನ ತಾತ, ಗೌರಿಬಿದನೂರಿನಲ್ಲಿ ಒಂದು ಮಿಲ್ಲಿನ ಗುಮಾಸ್ತರಾಗಿದ್ದವರು. ಮದುವೆಯಲ್ಲಿ ಮಗಳಿಗೆ ಎಲ್ಲರ ಹಾಗೆ ಕಾಸಿನ ಸರ ಮಾಡಿಸಲಿಲ್ಲ. ಎಂಟು ಕಂಪನಿಗಳ ಷೇರು ಪತ್ರಗಳನ್ನು ಅರಿಶಿನ ಹಚ್ಚಿ, ತಟ್ಟೆಯಲ್ಲಿಟ್ಟು ಕೊಟ್ಟರು. ಬೀಗರ ಕಡೆಯವರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ತಾತ ಸಂತೆಗೆ ಹೋಗುತ್ತಿದ್ದದ್ದು ಸಂತೆ ಮುಗಿಯುವ ಹೊತ್ತಿಗೆ. ಜನ ಬಿಟ್ಟುಹೋದ ಬದನೆಕಾಯಿ ರಾಶಿಯ ಮುಂದೆ ಕೂತು ಒಂದೊಂದನ್ನೇ ತಿರುಗಿಸಿ ನೋಡಿ, ಹುಳುಕಿಲ್ಲದ್ದನ್ನು ಅರ್ಧ ಬೆಲೆಗೆ ತರುತ್ತಿದ್ದರು. ಷೇರು ಕೊಂಡದ್ದೂ ಹಾಗೆಯೇ. ಯಾರಿಗೂ ಬೇಡವಾಗಿದ್ದ ಕಾಲದಲ್ಲಿ, ವಿಚಾರಿಸಿ ವಿಚಾರಿಸಿ.

"ಚೂಡಮ್ಮಾ, ನೋಡಮ್ಮಾ," ಎಂದು ನನಗೂ ಹೇಳುತ್ತಿದ್ದರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಬೆಲೆ ಬಿದ್ದಿರ್ಬೇಕು, ಬಾಳು ಕೆಟ್ಟಿರ್ಬಾರ್ದು. ಅಂಥದ್ದು ತಗೊಂಡು ಸುಮ್ನೆ ಕೂತ್ಕೋಬೇಕು."

ತಾತ ತೀರಿಕೊಂಡ ಮೇಲೆ ಆ ಪತ್ರಗಳು ನಮ್ಮ ಟ್ರಂಕಿನಲ್ಲಿ, ಅಮ್ಮನ ಮದುವೆ ಸೀರೆಯ ಮಡಿಕೆಯೊಳಗೆ ಇದ್ದವು. ಸಿಮೆಂಟು, ಉಕ್ಕಿನ ಪೈಪು, ಲಾರಿ ಟೈರು, ಯಂತ್ರದ ಬಿಡಿಭಾಗ, ಬಟ್ಟೆ ಮಿಲ್ಲು. ಆಮೇಲೆ ಉಪ್ಪು-ಸೋಪಿನದೊಂದು, ಟೀ ಪುಡಿಯದೊಂದು, ಕೆಮ್ಮಿನ ಔಷಧಿ ಮಾಡುವವರದೊಂದು. ಡಾಕ್ಟರು ಹೇಳಿದ ವಾರವೇ ಮಾರಿದ್ದರೆ ಹುಳುಮನೆ ಎದ್ದು ನಿಲ್ಲುತ್ತಿತ್ತು. ಅಪ್ಪ ಪಾಯ ಮಾತ್ರ ತೋಡಿ ಕಾದ. ಎಲ್ಲ ಕಡೆ ವ್ಯಾಪಾರ ಇಳಿಮುಖ ಅನ್ನುವ ಸುದ್ದಿ ಬರುತ್ತಿತ್ತು, ಕಾರ್ಖಾನೆಗಳಲ್ಲಿ ಎರಡನೇ ಶಿಫ್ಟು ನಿಲ್ಲಿಸಿದ್ದಾರೆ ಅನ್ನುತ್ತಿದ್ದರು, ಷೇರಿನ ಬೆಲೆ ಇಳಿಯಲು ಶುರುವಾಗಿತ್ತು. ಅಪ್ಪನಿಗೆ ಗೊತ್ತಿದ್ದ ಶಾಸ್ತ್ರ ಒಂದೇ.

"ಜ್ವರಕ್ಕೆ ಕೂತಿದೆ. ಈಗ ಮುಟ್ಟಬಾರ್ದು. ಎದ್ದ ಮೇಲೆ ನೋಡಣ."

ಒಂದು ತಿಂಗಳಾಯಿತು, ಮೂರು ತಿಂಗಳಾಯಿತು, ಅದು ಏಳಲಿಲ್ಲ. ಆಗ ಬಂದದ್ದು ನಂಜುಂಡ ಮಾವ. ಅಮ್ಮನ ತಮ್ಮ; ಚಿಕ್ಕಬಳ್ಳಾಪುರದಲ್ಲಿ ಷೇರು ಕೊಡಿಸುವ, ಮಾರಿಸುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದ. ಅವನು ಬಂದಾಗ ಹುಳು ನಾಲ್ಕನೇ ಜ್ವರಕ್ಕೆ ಹತ್ತಿರವಾಗಿದ್ದವು, ಹೊರಗಿನವರು ಒಳಗೆ ಬರುವ ಹಾಗಿರಲಿಲ್ಲ. ಒಡಹುಟ್ಟಿದವನಾದರೂ ಅಷ್ಟೆ. ಅಮ್ಮ ಕಿಟಕಿಯಿಂದಲೇ ಕಾಫಿ ಲೋಟ ಕೊಟ್ಟಳು. ಮಾವ ಹೊರಗೆ ಜಗಲಿಯ ಮೇಲೆ ಕೂತು, ಅಪ್ಪ ಒಳಗೆ ಸೊಪ್ಪು ಹಾಕುತ್ತ, ನಡುವೆ ನಾನು ಕಿಟಕಿಯ ಸರಳು ಹಿಡಿದುಕೊಂಡು. ನಮ್ಮ ಮನೆಯ ಹಣೆಬರಹ ತೀರ್ಮಾನವಾದದ್ದು ಹೀಗೆ, ಒಂದು ಕಿಟಕಿಯ ಮೂಲಕ.

"ಬಾವಾ, ಇದು ಬೇಗ ಮುಗಿಯೋ ಹಾಗೆ ಕಾಣ್ತಿಲ್ಲ. ಎಲ್ಲಾನೂ ಮಾರ್ಬೇಡಿ, ಎಲ್ಲಾನೂ ಇಟ್ಕೋಬೇಡಿ. ಕಷ್ಟ ಕಾಲದಲ್ಲಿ ತಡ್ಕೊಳ್ಳೋವು ಕಡೆಗೆ ದುಡ್ಡು ತಿರುಗಿಸ್ಬೇಕು. ತಡ್ಕೊಳ್ಳದೇ ಇರೋದನ್ನ ಬಿಡ್ಬೇಕು."

"ಅದೇ ತಾನೆ ನಾವು ದಿನಾ ಮಾಡೋದು," ಅಂದ ಅಪ್ಪ, ತಟ್ಟೆಯಿಂದ ಕಣ್ಣು ತೆಗೆಯದೆ.

ಮಾವ ನನ್ನ ಕಡೆ ತಿರುಗಿ ಕೇಳಿದ:

"ನೀನು ಹೇಳಮ್ಮ. ಮನೇಲಿ ದುಡ್ಡಿಲ್ಲ ಅಂದ್ರೂ ನಿಮ್ಮಮ್ಮ ಏನು ತರೋದು ಬಿಡಲ್ಲ?"

"ಉಪ್ಪು. ಸೋಪು. ಟೀ ಪುಡಿ. ಅವಳ ಮಾತ್ರೆ."

"ಏನು ಮುಂದಕ್ಕೆ ಹಾಕ್ತಾರೆ?"

ನಾನು ಯೋಚನೆ ಮಾಡಿ, "ಹುಳುಮನೆ ಕಟ್ಟೋದು," ಅಂದೆ.

ಮಾವನ ಮುಖ ಸಪ್ಪಗಾಯಿತು. ಒಳಗೆ ಅಪ್ಪನ ಕೈ ಒಂದು ಕ್ಷಣ ನಿಂತು ಮತ್ತೆ ಸೊಪ್ಪು ಹರಡಿತು. "ಅಷ್ಟೇ ಕಣಮ್ಮ ವಿಷಯ. ಮುಂದಕ್ಕೆ ಹಾಕೋವು ಈಗ ಬೀಳ್ತವೆ. ನಿಮ್ಮಪ್ಪಂಗೆ ನೆನಪು ಮಾಡು," ಎಂದು ಹೇಳಿ, ಮಾರಾಟದ ಫಾರಂಗಳನ್ನು ಸರಳಿನ ಸಂದಿಯಿಂದ ಕೊಟ್ಟು, ಮಾವ ಬಸ್ಸಿಗೆ ಹೋದ. ಅವನ ಹೆಂಡತಿಗೆ ದಿನ ತುಂಬಿತ್ತು, ಚಿಂತಾಮಣಿಯ ಆಸ್ಪತ್ರೆಗೆ ಸೇರಿಸಬೇಕಿತ್ತು, ಹತ್ತು ದಿನ ಆಫೀಸಿಗೆ ಬರುವುದಿಲ್ಲ ಅಂದಿದ್ದ.

ಎರಡು ದಿನಕ್ಕೆ ಹುಳು ನಾಲ್ಕನೇ ಜ್ವರಕ್ಕೆ ಕೂತವು. ಮನೆ ಸ್ತಬ್ಧ. ಅಮ್ಮನ ಶಿಳ್ಳೆ ಬಿಟ್ಟರೆ ಬೇರೆ ಸದ್ದಿಲ್ಲ. ಕೈ ಖಾಲಿಯಿದ್ದ ಅಪ್ಪ ಟ್ರಂಕು ತೆಗೆದು ಎಂಟೂ ಪತ್ರಗಳನ್ನು ಒಂದು ಖಾಲಿ ತಟ್ಟೆಯಲ್ಲಿ ಹರಡಿದ. ಹೌದು, ಬಿದಿರಿನ ತಟ್ಟೆಯಲ್ಲೇ. ಬೇರೆ ಮೇಜು ನಮ್ಮ ಮನೆಯಲ್ಲಿ ಎಲ್ಲಿತ್ತು? ಪ್ರತಿ ಪತ್ರದ ಹಿಂದೆ ತಾತ ಕೊಂಡ ಬೆಲೆಯನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ನಾನು ಪೇಪರು ನೋಡಿ ಆವತ್ತಿನ ಬೆಲೆ ಓದಬೇಕು, ಅಪ್ಪ ಹೋಲಿಸಬೇಕು. ಟೈರು, ಉಕ್ಕು, ಸಿಮೆಂಟು ಹಿಂದಿನ ವರ್ಷಗಳಲ್ಲಿ ಚೆನ್ನಾಗಿ ಏರಿ ಈಗಷ್ಟೇ ಸ್ವಲ್ಪ ಇಳಿದಿದ್ದವು. ಉಪ್ಪು-ಸೋಪು, ಟೀ, ಔಷಧಿ ಮೂರೂ ತಾತ ಕೊಂಡ ಬೆಲೆಯ ಆಸುಪಾಸಿನಲ್ಲೇ ಕೂತಿದ್ದವು. ಅಪ್ಪನ ಬೆರಳುಗಳು ತಟ್ಟೆಯ ಮೇಲೆ ಆಡುವುದನ್ನು ನೋಡುತ್ತಿದ್ದ ಹಾಗೆ ನನಗೆ ಗೊತ್ತಾಗಿಹೋಯಿತು. ಆ ಬೆರಳಾಟ ನಾನು ಪ್ರತಿ ತಿಂಗಳೂ ನೋಡಿದ್ದು. ಹೆಬ್ಬೆರಳು, ತೋರುಬೆರಳು, ಮೆಲ್ಲಗೆ ಎತ್ತಿ ಪಕ್ಕಕ್ಕೆ. ಒಂದು. ಎರಡು. ಮೂರು.

"ಇಷ್ಟು ವರ್ಷದಿಂದ ಇದ್ದಲ್ಲೇ ಬಿದ್ದಿವೆ. ಇವು ಎದ್ದೇ ಇಲ್ಲ. ರೋಗ ಬರೋ ಕಾಲದಲ್ಲಿ ಇಂಥವ್ನ ತಟ್ಟೇಲಿ ಇಟ್ಕೊಂಡ್ರೆ ಎಲ್ಲಾನೂ ಹಾಳು ಮಾಡ್ತವೆ."

ಅಮ್ಮ ಒಲೆಯ ಹತ್ತಿರದಿಂದ ಕೇಳಿದಳು:

"ಏನ್ರೀ, ನಂಜುಂಡ ಹೇಳಿದ್ದು ಬೇರೆ ಅಲ್ವಾ? ಉಪ್ಪು, ಸೋಪು ಅಂತಿದ್ದ."

"ಅವನು ತಡ್ಕೊಳ್ಳದೇ ಇರೋದನ್ನ ಬಿಡ್ಬೇಕು ಅಂದ. ಅದನ್ನೇ ಮಾಡ್ತಿದೀನಿ. ಅವನೇನು ಹುಳ ಸಾಕಿದಾನಾ?"

ಆಗ ನಾನು ಬಾಯಿ ಬಿಟ್ಟೆ. ನನಗೆ ಹನ್ನೆರಡು ವರ್ಷ. "ಅಪ್ಪ, ಮುಂದಕ್ಕೆ ಹಾಕೋವು ಬೀಳ್ತವೆ ಅಂದ್ರು ಮಾವ. ಸಿಮೆಂಟು ತೆಗೀಬೇಕು. ಇವು ಮೂರನ್ನ ಇಟ್ಕೋಬೇಕು," ಅಂದೆ. ಅಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗಿ ಜಗಳವಾಡುತ್ತಿದ್ದೆ, ನನ್ನ ಬಾಯಿ ಅವತ್ತೂ ಕಡಿಮೆ ಇರಲಿಲ್ಲ. ಅವನು ಕನಿಕರದಿಂದ ನೋಡಿದ.

"ಬೆಂಕಿಪೊಟ್ಟಣ ನೆನಪಿದೆಯಾ ಕಣಮ್ಮ?"

ಅಷ್ಟೇ. ನನ್ನ ಬಾಯಿ ಕಟ್ಟಿಹೋಯಿತು. ಯಾಕೆಂದರೆ ಬೆಂಕಿಪೊಟ್ಟಣದ ವಿಷಯದಲ್ಲಿ ಅವನೇ ಸರಿಯಿದ್ದ, ಊರೇ ನೋಡಿತ್ತು. ಇದು ಹುಳು ಅಲ್ಲ, ಇದು ಕಾಗದ, ಎಂದು ಹೇಳುವುದಕ್ಕೆ ನನಗೆ ಆ ವಯಸ್ಸಿನಲ್ಲಿ ಮಾತು ಸಿಗಲಿಲ್ಲ. ಈಗ ಎಷ್ಟೋ ಸಲ ಹೇಳುತ್ತೇನೆ, ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಒಬ್ಬಳೇ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಫಲವಿಲ್ಲ, ನಿಜ. ಚಿಂತೆ ಬಿಡಬೇಕಲ್ಲ!

ಷೇರು ಅಮ್ಮನ ಹೆಸರಿನಲ್ಲಿದ್ದದ್ದರಿಂದ ರುಜು ಅಮ್ಮನೇ ಹಾಕಬೇಕು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಕೂತಳು. ಪೆನ್ನು ಹಿಡಿದಳು. ಔಷಧಿ ಕಂಪನಿಯ ಪತ್ರದ ಮೇಲಿನ ಹಳೇ ಅರಿಶಿನದ ಕಲೆಯನ್ನು ಉಗುರಿನಿಂದ ಮುಟ್ಟಿದಳು.

"ನಮ್ಮಪ್ಪ ಇದನ್ನ ಬಿಡ್ಬೇಡ ಅಂದಿದ್ರು," ಅಂದಳು.

"ನಿನ್ನ ಉಸಿರಿಗೋಸ್ಕರ ತಾನೇ ನಾನು ಇಷ್ಟೆಲ್ಲ ಒದ್ದಾಡ್ತಿರೋದು," ಅಂದ ಅಪ್ಪ.

ಅದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಕುಡುಕ ಅಪ್ಪ, ಜೂಜಿನ ಅಪ್ಪ, ಹೆಂಡತಿಯ ಸೊತ್ತಿಗೆ ಕಣ್ಣು ಹಾಕಿದ ಅಪ್ಪ ಆಗಿದ್ದರೆ ನಾನು ಅವನನ್ನು ಬೈದುಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ. ಅವನು ಹೇಳಿದ್ದು ಸತ್ಯವಾಗಿತ್ತು. ಅಮ್ಮ ಮೂರು ಕಡೆ ರುಜು ಹಾಕಿ, ಎದ್ದು, ಮುದ್ದೆಗೆ ಎಸರಿಟ್ಟಳು. ಮಾರನೇ ದಿನ ಅಪ್ಪ ಚಿಕ್ಕಬಳ್ಳಾಪುರಕ್ಕೆ ಹೋಗಿ ಆ ಮೂರನ್ನು ಮಾರಿ, ಬಂದ ದುಡ್ಡಿಗೆ ಟೈರು, ಉಕ್ಕನ್ನೇ ಇನ್ನಷ್ಟು ಕೊಂಡು ಬಂದ. ಆಫೀಸಿನಲ್ಲಿ ಮಾವ ಇರಲಿಲ್ಲ. ಇದ್ದವನು ಕೇಳಿದ್ದನ್ನು ಬರೆದುಕೊಂಡ. ಬಲವಾಗಿ ಮೇಯುವ ಹುಳುವಿಗೇ ಸೊಪ್ಪು ಹಾಕಬೇಕು ತಾನೆ.

ಮಾವ ಬಂದದ್ದು ಮಗುವಿನ ನಾಮಕರಣಕ್ಕೆ ಕರೆಯಲು. ಕೈಯಲ್ಲಿ ಸಕ್ಕರೆಯ ಪೊಟ್ಟಣ. ವಿಷಯ ಕೇಳಿ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹಣೆ ಹಿಡಿದುಕೊಂಡು ಕೂತ. ಆವತ್ತೂ ಒಳಗೆ ಬರುವ ಹಾಗಿರಲಿಲ್ಲ, ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟಿದ್ದವು.

"ಬಾವಾ, ಬಿಡಬಾರದ್ದನ್ನೇ ಬಿಟ್ರಲ್ಲ ಬಾವಾ. ಅಯ್ಯೋ, ನಾನು ಬರೆದುಕೊಡ್ಬೇಕಿತ್ತು. ಅಕ್ಕಾ, ನೀನಾದ್ರೂ..."

ಅಪ್ಪ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಎತ್ತಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ. ಆ ಸಲದ ಗೂಡಿಗೆ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಬಂತು. ಒಂದೂ ಹುಳು ಸತ್ತಿರಲಿಲ್ಲ. ಒಗ್ಗರಣೆಯ ದಿನ ನಾವು ಮೂವರೂ ಕೆಮ್ಮಿದೆವು, ಯಾರೂ ನಗಲಿಲ್ಲ.

ಮುಂದಿನ ಒಂದು ವರ್ಷ ನಾನು ಭಾನುವಾರದ ಪೇಪರನ್ನು ಅಪ್ಪನಿಗೆ ಓದಿ ಹೇಳಿದೆ. ಟೈರು ಅರ್ಧಕ್ಕೆ ಬಂತು. ಉಕ್ಕು ಅದಕ್ಕಿಂತ ಕೆಳಗೆ ಹೋಯಿತು. ಬಟ್ಟೆ ಮಿಲ್ಲು ಬಾಗಿಲು ಹಾಕಿತು. ಉಪ್ಪು-ಸೋಪು ಇದ್ದಲ್ಲೇ ಇತ್ತು, ಆಮೇಲೆ ಮೆಲ್ಲಗೆ, ಗೊತ್ತೇ ಆಗದ ಹಾಗೆ ಮೇಲೆ ಹೋಯಿತು. ಕೆಮ್ಮಿನ ಔಷಧಿಯದು ಎಲ್ಲಕ್ಕಿಂತ ಹೆಚ್ಚು ಏರಿತು. ಅದನ್ನು ನಾನು ಓದುತ್ತಿರಲಿಲ್ಲ, ಆ ಸಾಲು ಹಾರಿಸಿಬಿಡುತ್ತಿದ್ದೆ. ಹಾರಿಸಿದ್ದು ಅಪ್ಪನಿಗೂ ಗೊತ್ತಾಗುತ್ತಿತ್ತು, ಕೇಳುತ್ತಿರಲಿಲ್ಲ. ಆಮೇಲೊಂದು ಭಾನುವಾರ "ಇನ್ನು ಸಾಕು ಕಣಮ್ಮ" ಅಂದ. ಹುಳುಮನೆಗೆಂದು ಹೊಲದ ಅಂಚಿನಲ್ಲಿ ತೋಡಿದ್ದ ಪಾಯದಲ್ಲಿ ಅಮ್ಮ ಸೊಗಡವರೆ ಹಾಕಿದಳು. ಚೆನ್ನಾಗಿಯೇ ಕಾಯಿ ಬಿಟ್ಟಿತು. ಹುಳು ಮನೆ ಬಿಡಲಿಲ್ಲ, ಅಮ್ಮನೂ ಬಿಡಲಿಲ್ಲ; ತವರಿಗೆ ಹೋಗಿ ಇರು ಅಂದರೆ ಸೊಪ್ಪು ಕತ್ತರಿಸುವವರು ಯಾರು ಅನ್ನುತ್ತಿದ್ದಳು. ಅಪ್ಪ ಸ್ಟ್ಯಾಂಡಿಗೂ ಅವಳ ಚಾಪೆಗೂ ನಡುವೆ ಒಂದು ಸೀರೆ ಅಡ್ಡ ಕಟ್ಟಿದ. ಧೂಳಿಗೆ ಸೀರೆಯ ಅಡ್ಡವೇ? ಅವನಿಗೂ ಗೊತ್ತಿತ್ತು. ದಿನ ಬೆಳಗ್ಗೆ ಅದನ್ನು ಒಗೆದು ಹಾಕುತ್ತಿದ್ದ.

ಹುಳುಮನೆ ಕೊನೆಗೂ ಎದ್ದದ್ದು ನನಗೆ ಶಿಡ್ಲಘಟ್ಟದ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕ ಮೇಲೆ, ಹತ್ತು ವರ್ಷ ಕಳೆದು. ಸ್ಟ್ಯಾಂಡುಗಳೆಲ್ಲ ಹೊಲಕ್ಕೆ ಹೋದವು. ಪಡಸಾಲೆಯನ್ನು ತೊಳೆದು ಸುಣ್ಣ ಹೊಡೆಸಿದೆವು. ಅಷ್ಟು ದೊಡ್ಡದಿತ್ತೆಂದು ನಮಗೆ ಗೊತ್ತೇ ಇರಲಿಲ್ಲ, ಮಾತಾಡಿದರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಆವತ್ತು ಗೂಡಿನ ದಿನವಲ್ಲ, ಏನೂ ಅಲ್ಲ, ಸುಮ್ಮನೆ ಒಂದು ಬುಧವಾರ. ಅಮ್ಮ ಬಸ್ಸಾರು ಮಾಡಿದಳು.

"ಇನ್ಮೇಲೆ ನನ್ನಿಷ್ಟ. ದಿನಾ ಹಾಕ್ತೀನಿ," ಅಂದು ಬಾಣಲೆ ಇಟ್ಟಳು.

ಸಾಸಿವೆ ಸಿಡಿಯಿತು. ಮೆಣಸಿನಕಾಯಿ ಬಿತ್ತು. ಅಮ್ಮ ಒಂದು ಸಲ ಕೆಮ್ಮಿ ನಮ್ಮ ಕಡೆ ನೋಡಿ ನಕ್ಕಳು. ಆಮೇಲೆ ಉಸಿರು ಒಳಗೆ ಹೋಗಲೇ ಇಲ್ಲ. ಒಲೆಯ ಕಟ್ಟೆ ಹಿಡಿದು ಕುಸಿದಳು, ತುಟಿ ನೀಲಿಯಾಯಿತು. ಅಪ್ಪ ಬರಿಗೈಯಲ್ಲಿ ಬಾಣಲೆ ಎತ್ತಿ ಹಿತ್ತಲಿಗೆ ಎಸೆದ, ಅಂಗೈ ಸುಟ್ಟುಕೊಂಡ. ಅವಳನ್ನು ಆಟೋದಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದೆವು. ಜೀವ ಉಳಿಯಿತು. ಡಾಕ್ಟರು ಬೇರೆಯವರು, ಚಿಕ್ಕ ವಯಸ್ಸಿನವರು, ಪಟ್ಟಿ ಹೇಳಿದರು. ಇವರಿಗೆ ಘಾಟು ಆಗದು, ಹೊಗೆ ಆಗದು, ಊದುಬತ್ತಿ ಆಗದು, ಪೌಡರು ಆಗದು. ನಾನು ಅಪ್ಪನ ಮುಖ ನೋಡಲಿಲ್ಲ. ನನಗೆ ಧೈರ್ಯ ಬರಲಿಲ್ಲ.

ನಾನು ಈಗಲೂ ಇದೇ ಮನೆಯಲ್ಲಿದ್ದೇನೆ. ಈಗ ಮತ್ತೆ ಎಲ್ಲ ಕಡೆ ಮಂದಗತಿ ಅನ್ನುತ್ತಿದ್ದಾರೆ. ಷೇರೆಲ್ಲ ಫೋನಿನೊಳಗೆ ಬಂದಿವೆ, ತಾತನ ಕಾಲದ ಉಕ್ಕು ಚೂರುಪಾರು ಉಳಿದಿದೆ, ನಾನು ಸೇರಿಸಿದ್ದು ಸ್ವಲ್ಪ ಇದೆ. ಹೋದ ಭಾನುವಾರ ಜಗಲಿಯ ಮೇಲೆ ಕೂತು ಯಾವುದು ಬಿಡಬೇಕು, ಯಾವುದಕ್ಕೆ ತಿರುಗಿಸಬೇಕು ಎಂದು ನೋಡುತ್ತಿದ್ದೆ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು ನಾನು, ಉತ್ತರ ನನಗೆ ಗೊತ್ತು. ಆದರೂ ಬೆರಳು ಗುಂಡಿಯ ಮೇಲೆ ನಿಂತೇ ಇತ್ತು. ಅಪ್ಪ ಹಿಂದಿನಿಂದ ಬಂದ, ಎಡಗೈಯಲ್ಲಿ ಬಾಣಲೆ, ಬಲಗೈಯಲ್ಲಿ ಎಣ್ಣೆಯ ಗಿಂಡಿ.

"ನಂಗೆ ತೋರಿಸ್ಬೇಡಮ್ಮ," ಅಂದು ಹಿತ್ತಲಿಗೆ ಹೋದ.

ಹಿತ್ತಲಿನ ಆ ತುದಿಯಲ್ಲಿ, ಹುಣಸೆ ಮರದಾಚೆ, ಮೂರು ಇಟ್ಟಿಗೆಯ ಒಲೆ ಇದೆ. ಇಷ್ಟು ವರ್ಷದಿಂದ ದಿನವೂ ಅಪ್ಪ ಅಲ್ಲಿಯೇ ಒಗ್ಗರಣೆ ಹಾಕುವುದು. ಮೊದಲು ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಹಾಕಿ ಬರುತ್ತಾನೆ, ಒದ್ದೆ ಬೆರಳೆತ್ತಿ ಗಾಳಿ ಯಾವ ಕಡೆ ಇದೆ ನೋಡುತ್ತಾನೆ. ಹಾಕಿದ ಮೇಲೆ ಹೊಗೆ ಪೂರ್ತಿ ಆರುವ ತನಕ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಆಮೇಲೆ ತಣ್ಣಗಾದ ಒಗ್ಗರಣೆಯನ್ನು ಒಳಗೆ ತಂದು, ಅಮ್ಮನ ಸಾರಿಗೆ ಸದ್ದಿಲ್ಲದೆ ಸುರಿಯುತ್ತಾನೆ. ಅವತ್ತೂ ಹಾಗೆಯೇ ಮಾಡಿದ. ಅಮ್ಮ ತಟ್ಟೆಯ ಮುಂದೆ ಕೂತು ಕಾಯುತ್ತಿದ್ದಳು.

"ಹಾಕಿದ್ರಾ? ಚೊಂಯ್ ಅಂದಿದ್ದು ಕೇಳಿಸ್ಲೇ ಇಲ್ಲ."

"ಹಾಕ್ದೆ ಕಣೇ," ಅಂದ ಅಪ್ಪ. "ಬಾಗ್ಲು ಮುಚ್ಚಿತ್ತಲ್ಲ."